ಶರಣರ ಊರು ಯಾವುದು?



ಶ್ರಾವಣ ಮಾಸದ ಈ ಪ್ರವಚನವು ಇಂದಿಗೆ 14ನೆಯ ದಿನಕ್ಕೆ ಬಂದಿದೆ. ನಿನ್ನೆ ಭಕ್ತಸ್ಥಲದ ವಿಚಾರವನ್ನು ಮುಗಿಸಿದೆವು. ಇಂದು ಮಾಹೇಶ್ವರಸ್ಥಲವನ್ನು ಎತ್ತಿಕೊಳ್ಳಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಆದರೆ ಬೆಳಗಿನ ಲಿಂಗಪೂಜೆ ಮುಗಿಸಿ ನಾವು ಹೊರಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಎರಡು ಊರಿನ ಹಿರಿಯರು ಕುಳಿತಿದ್ದರು. ಒಂದು ಊರಿನವರು ಈ ಕಂಬಕ್ಕೆ, ಇನ್ನೊಂದು ಊರಿನವರು ಆ ಕಂಬಕ್ಕೆ. ನಡುವೆ ಇನ್ನೂ ಹತ್ತು ಜನ ಕೂಡುವಷ್ಟು ಜಾಗ ಬರಿದಾಗಿತ್ತು. ಅವರು ತಂದ ಮಾತನ್ನು ಬಿಟ್ಟು ಮಾಹೇಶ್ವರಸ್ಥಲವನ್ನು ಹೇಳಿದರೆ ಅದು ಬರಿಯ ಬಾಯಿಮಾತಾಗುತ್ತದೆ ಎಂದು ನಮಗೆ ಅನಿಸಿತು. ಆದುದರಿಂದ ಇಂದು ಆ ಮಾತನ್ನೇ ನಿಮ್ಮ ಮುಂದೆ ಇಡುತ್ತೇವೆ.

ಎರಡೂ ಊರಿನವರು ಒಬ್ಬನೇ ಶರಣನ ಭಕ್ತರು. ಯಾವ ಶರಣರು, ಯಾವ ಊರುಗಳು ಎಂದು ಹೆಸರು ಹೇಳುವುದು ಬೇಡ. ಬಲ್ಲವರು ಇಲ್ಲಿಯೇ ಕುಳಿತಿದ್ದೀರಿ. ಒಂದು ಊರಿನಲ್ಲಿ ಆ ಶರಣರ ಗದ್ದುಗೆ ಇದೆ. ಇನ್ನೊಂದು ಊರಿನಲ್ಲಿ ಅವರು ಹುಟ್ಟಿದ ಮನೆಯ ಜಾಗ ಇದೆಯೆಂದು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಶ್ರಾವಣದ ಕಡೆಯ ಸೋಮವಾರ ತೇರು. ತೇರಿನ ಕಳಸ ಈ ಊರಿನದು, ತೇರಿನ ಹಗ್ಗ ಆ ಊರಿನಿಂದ ಬರಬೇಕು. ಇದು ಹಿರಿಯರು ಹಾಕಿಕೊಟ್ಟ ಪದ್ಧತಿ. ಈಗ ಶರಣರು ನಮ್ಮೂರಿನವರು, ನಿಮ್ಮೂರಿನವರಲ್ಲ ಎಂಬ ಮಾತು ಬೆಳೆದು, ಹಗ್ಗ ಕಳಿಸುವುದಿಲ್ಲ ಎನ್ನುವವರೆಗೆ ಬಂದಿದೆ. ಅಷ್ಟೇ ಅಲ್ಲ, ಎರಡು ವರ್ಷದಿಂದ ಆ ಊರಿಗೂ ಈ ಊರಿಗೂ ಹೆಣ್ಣು ಕೊಡುವುದು ತರುವುದು ನಿಂತಿದೆ.

ಒಬ್ಬ ಹಿರಿಯರು ಕೈಮುಗಿದು, “ಅಜ್ಜಾರ, ಶರಣರು ಹುಟ್ಟಿದ್ದು ನಮ್ಮೂರಾಗ. ತಾವು ಒಂದು ಮಾತು ಅಪ್ಪಣೆ ಕೊಡಿಸಿಬಿಡ್ರಿ, ಮುಗೀತು” ಎಂದರು. ಆ ಕಂಬದ ಕಡೆಯವರು, “ಹಂಗಂದ್ರ ನಮ್ಮ ಗದ್ದಿಗಿ ಸುಳ್ಳೇನ್ರಿ ಅಜ್ಜಾರ?” ಎಂದು ಎದ್ದು ನಿಂತರು. ನಾವು ಉತ್ತರ ಕೊಡುವ ಮೊದಲೇ, ಪ್ರಸಾದದ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಒಬ್ಬ ಮುದುಕಿ ಅಲ್ಲಿಂದಲೇ ಹೇಳಿದಳು: “ಯಪ್ಪಾ, ನನ್ನ ತವರುಮನಿ ಆ ಊರು, ಗಂಡನ ಮನಿ ಈ ಊರು. ನಾ ಯಾವ ಊರಾಕಿ ಅಂತ ಇವರನ್ನ ಒಂಚೂರು ಕೇಳ್ರಿ.”

ಆ ತಾಯಿ ಅಕ್ಷರ ಕಲಿತವಳಲ್ಲ. ಆದರೆ ಆ ಒಂದು ಮಾತಿನಲ್ಲಿ ನಮ್ಮ ಇಂದಿನ ಪ್ರವಚನವೆಲ್ಲ ಅಡಗಿದೆ.

ಗುರು ಬಸವಣ್ಣನವರನ್ನೇ ನೋಡಿ. ಮಾದರಸ ಮಾದಲಾಂಬಿಕೆಯರ ಮಗ. ತಂದೆಯ ಮನೆ ಬಾಗೇವಾಡಿ, ಇಂದಿನ ಬಸವನ ಬಾಗೇವಾಡಿ. ತಾಯಿಯ ತವರು ಇಂಗಳೇಶ್ವರವೆಂದು ಹೇಳುತ್ತಾರೆ. ಹುಟ್ಟಿದ್ದು ಬಾಗೇವಾಡಿಯೋ ಇಂಗಳೇಶ್ವರವೋ ಎಂಬ ಚರ್ಚೆ ಇಂದಿಗೂ ಉಂಟು. ನಮ್ಮ ನಾಡಿನಲ್ಲಿ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ಹಳೆಯ ರೂಢಿ. ಮಗು ಹುಟ್ಟುವುದು ಒಂದು ಊರಿನಲ್ಲಿ, ತೊಟ್ಟಿಲಿಂದಿಳಿದು ನಡೆಯುವುದು ಇನ್ನೊಂದು ಊರಿನಲ್ಲಿ. ಎರಡೂ ಊರು ನಮ್ಮ ಮಗು ಎನ್ನುತ್ತವೆ. ಎರಡೂ ನಿಜ. ಮುಂದೆ ಬಸವಣ್ಣನವರು ಕಲಿತದ್ದು ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ. ಕರಣಿಕರಾಗಿ ಸೇರಿದ್ದು ಮಂಗಳವೇಢೆಯಲ್ಲಿ. ಅನುಭವ ಮಂಟಪ ಕಟ್ಟಿದ್ದು ಕಲ್ಯಾಣದಲ್ಲಿ. ಕೊನೆಗೆ ಐಕ್ಯರಾದದ್ದು ಮತ್ತೆ ಸಂಗಮದಲ್ಲಿ. ಇಷ್ಟರಲ್ಲಿ ಯಾವುದನ್ನು ಬಸವಣ್ಣನವರ ಊರು ಎನ್ನುತ್ತೀರಿ?

ಶರಣರಿಗೆ ಊರಿನ ಅಭಿಮಾನವೇ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ತುಂಬಾ ಇತ್ತು. ಆದರೆ ಅವರು ಅದನ್ನು ಎಲ್ಲಿ ಇಟ್ಟರು ಎಂಬುದನ್ನು ನೋಡಬೇಕು. ಅದನ್ನು ಅವರು ತಮ್ಮ ಅಂಕಿತದಲ್ಲಿ ಇಟ್ಟರು. ಬಸವಣ್ಣನವರು ಕಲ್ಯಾಣದಲ್ಲಿ ಮಂತ್ರಿಯಾಗಿ ಕುಳಿತಾಗಲೂ ಪ್ರತಿ ವಚನದ ಕೊನೆಗೆ ಕೂಡಲಸಂಗನನ್ನು ಕರೆದರು. ಭಂಡಾರದ ಲೆಕ್ಕ ಬರೆಯುವ ಕೈ ಅದು, ಆದರೆ ನೆನಪು ಎರಡು ನದಿಗಳು ಕೂಡುವ ದಂಡೆಯ ಮೇಲೆ ಇತ್ತು. ಮುದನೂರಿನ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ತಮ್ಮೂರಿನ ರಾಮನಾಥನನ್ನು ನೆನೆದರು. ಹಿಪ್ಪರಗಿಯ ಮಡಿವಾಳ ಮಾಚಯ್ಯನವರು ಕಲ್ಯಾಣಕ್ಕೆ ಬಂದು ಶರಣರ ಬಟ್ಟೆ ಒಗೆದರು, ಅವರ ವಚನದಲ್ಲಿ ಮಾತ್ರ ಹಿಪ್ಪರಗಿಯ ಕಲಿದೇವ ಬಂದು ಕುಳಿತ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ರಾಯಚೂರು ಸೀಮೆಯ ಅಮರೇಶ್ವರದವರು. ಅಮರೇಶ್ವರಲಿಂಗವನ್ನು ಅವರು ಬಿಡಲಿಲ್ಲ. ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನೇ ಅಂಕಿತ ಮಾಡಿಕೊಂಡರು. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಚಮ್ಮಾರಿಕೆಯ ಉಳಿ, ಕತ್ತಿ, ಅಡಿಗೂಟಗಳೇ ಸೇರಿವೆ.

ಅಕ್ಕಮಹಾದೇವಿಯವರದು ಇನ್ನೊಂದು ಬಗೆ. ಹುಟ್ಟಿದ್ದು ಶಿಕಾರಿಪುರ ಸೀಮೆಯ ಉಡುತಡಿ. ಮಲೆನಾಡಿನ ಅಂಚಿನ ಮಗಳು. ಆದರೆ ಅವರ ಅಂಕಿತ ಶ್ರೀಶೈಲದ ಚೆನ್ನಮಲ್ಲಿಕಾರ್ಜುನ. ಅದು ಹುಟ್ಟಿದ ಊರಿನ ದೇವರಲ್ಲ, ಹೊರಟ ಊರಿನ ದೇವರು. ಆ ಕಾಲದಲ್ಲಿ ಒಬ್ಬಂಟಿ ಹೆಣ್ಣುಮಗಳು ಉಡುತಡಿಯಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ ಎಂದು ನಡೆದ ದಾರಿಯನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆ ತಾಯಿಗೆ ನೀನು ಯಾವ ಊರವಳು ಎಂದು ಕೇಳಿದ್ದರೆ, ತಲುಪಬೇಕಾದ ಊರನ್ನೇ ಹೇಳುತ್ತಿದ್ದರೋ ಏನೋ.

ಹೀಗೆ ಶರಣರು ತಮ್ಮ ಊರನ್ನು ದೇವರಿಗೆ ಒಪ್ಪಿಸಿದರು. ನಾವು ದೇವರನ್ನೂ ಶರಣರನ್ನೂ ನಮ್ಮ ಊರಿಗೆ ಕಟ್ಟಿಹಾಕಲು ಹೊರಟಿದ್ದೇವೆ. ಅವರಿಗೂ ನಮಗೂ ಇರುವ ಅಂತರ ಇಷ್ಟೇ.

ಇನ್ನು ಹೊರಗಿನಿಂದ ಬಂದವರ ಮಾತು. ಆದಯ್ಯನವರು ಸೌರಾಷ್ಟ್ರದ ವರ್ತಕರು, ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದರು. ಸೌರಾಷ್ಟ್ರದ ಸೋಮನಾಥನನ್ನೇ ಅಲ್ಲಿಗೆ ತಂದರೆಂದು ಹರಿಹರನ ರಗಳೆ ಹೇಳುತ್ತದೆ. ಅಂಕಿತ ಸೌರಾಷ್ಟ್ರ ಸೋಮೇಶ್ವರ, ಆದರೆ ವಚನ ಕನ್ನಡ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ರಾಜ್ಯ ಬಿಟ್ಟು ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದರು. ಡೋಹರ ಕಕ್ಕಯ್ಯನವರನ್ನು ಮಾಳವದವರೆನ್ನುತ್ತಾರೆ, ಉರಿಲಿಂಗಪೆದ್ದಿಗಳನ್ನು ಆಂಧ್ರದವರೆನ್ನುತ್ತಾರೆ. ಇವರಲ್ಲಿ ಯಾರನ್ನಾದರೂ ಕಲ್ಯಾಣದವರು ನೀವು ಪರಊರಿನವರು ಎಂದು ಹೊಸ್ತಿಲಲ್ಲಿ ನಿಲ್ಲಿಸಿದ್ದರೆ, ಇಂದು ನಮ್ಮ ವಚನಭಂಡಾರ ಎಷ್ಟು ಬಡವಾಗಿರುತ್ತಿತ್ತು! ಕಲ್ಯಾಣದಲ್ಲಿ ಕೇಳುತ್ತಿದ್ದ ಪ್ರಶ್ನೆ ಬೇರೆ. ನೀನು ಯಾವ ಕಾಯಕ ಮಾಡುತ್ತೀ ಎಂಬುದು ಅಲ್ಲಿಯ ಪ್ರಶ್ನೆ.

ನಾವು ಪುರಾತನರೆಂದು ಪೂಜಿಸುವ 63 ಮಂದಿ ಯಾರು? ತಮಿಳು ನಾಡಿನ ಶಿವಭಕ್ತರು. ಕಾಳಹಸ್ತಿಯ ಬೇಡರ ಕಣ್ಣಪ್ಪ, ಕಾರೈಕ್ಕಾಲಿನ ಅಮ್ಮೆ, ಚಿದಂಬರದ ದರ್ಶನಕ್ಕೆ ಹಂಬಲಿಸಿದ ನಂದನಾರ್, ಇವರೆಲ್ಲ ಆ ಮಾಲೆಯ ಹೂವುಗಳು. 12ನೆಯ ಶತಮಾನದಲ್ಲಿ ಸೇಕ್ಕಿಳಾರರು ತಮಿಳಿನಲ್ಲಿ ‘ಪೆರಿಯ ಪುರಾಣ’ವನ್ನು ರಚಿಸಿ ಅವರ ಚರಿತ್ರೆಯನ್ನು ಹಾಡಿದರು. ಹಂಪೆಯ ಹರಿಹರ ಮಹಾಕವಿ ಆ ತಮಿಳು ಭಕ್ತರನ್ನು ಕನ್ನಡ ರಗಳೆಯಲ್ಲಿ ಕನ್ನಡಿಗರ ಮನೆಗೆ ಕರೆತಂದ. ಬೇಡರ ಕಣ್ಣಪ್ಪ ಕನ್ನಡಿಗನೋ ತಮಿಳನೋ ತೆಲುಗನೋ ಎಂದು ನಮ್ಮ ಅಜ್ಜಿಯರು ಎಂದಾದರೂ ಕೇಳಿದರೇ? ಕಣ್ಣು ಕೊಟ್ಟ ಕಥೆ ಕೇಳಿ ಕಣ್ಣೀರು ಹಾಕಿದರು.

ಈಗ ಗಡಿಯ ಮಾತು. ಶಿವಯೋಗಿ ಸಿದ್ಧರಾಮರ ಸೊನ್ನಲಿಗೆ ಇಂದಿನ ಸೊಲ್ಲಾಪುರ. ಅವರ ಅಂಕಿತ ಕಪಿಲಸಿದ್ಧ ಮಲ್ಲಿಕಾರ್ಜುನ, ಅವರ ವಚನ ಕನ್ನಡ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಸೊಲ್ಲಾಪುರ ನಮ್ಮ ಕಡೆಗೆ ಬರಲಿಲ್ಲ. 1960ರಿಂದ ಅದು ಮಹಾರಾಷ್ಟ್ರದಲ್ಲಿದೆ. ಆದರೆ ಮಕರ ಸಂಕ್ರಾಂತಿಯ ಜಾತ್ರೆಗೆ ನೀವು ಹೋಗಿ ನೋಡಿ. ನಂದಿಕೋಲು ಹೊತ್ತವರಲ್ಲಿ ಕನ್ನಡ ಆಡುವವರೂ ಇದ್ದಾರೆ, ಮರಾಠಿ ಆಡುವವರೂ ಇದ್ದಾರೆ. ಸಿದ್ಧರಾಮರು ಕಟ್ಟಿಸಿದ ಕೆರೆ ಊರ ನಡುವೆ ಇದೆ. ಆ ಕೆರೆಯ ನೀರಿಗೆ ಭಾಷೆಯಿಲ್ಲ. ಸಿದ್ಧರಾಮರು ಕೆರೆ ತೋಡಿದ್ದು ಬಾಯಾರಿದವರಿಗೆ, ತಮ್ಮ ಜಾತಿಯವರಿಗಲ್ಲ.

ಅದೇ ಜಿಲ್ಲೆಯಲ್ಲಿ ಮಂಗಳವೇಢೆ ಇದೆ. ಬಿಜ್ಜಳನ ಮೊದಲ ನೆಲೆವೀಡು, ಬಸವಣ್ಣನವರು ಕರಣಿಕರಾಗಿದ್ದ ಊರು. ಆ ಊರಿನಲ್ಲಿಯೇ ಮುಂದೆ ಚೋಖಾಮೇಳರೆಂಬ ಸಂತರು ಬಾಳಿದರು. ಮಹಾರ ಕುಲದವರು, ಪಂಢರಾಪುರದ ವಿಠ್ಠಲನ ಭಕ್ತರು, ಮರಾಠಿಯಲ್ಲಿ ಅಭಂಗಗಳನ್ನು ಹಾಡಿದವರು. 1338ರಲ್ಲಿ ಮಂಗಳವೇಢೆಯ ಗೋಡೆ ಕಟ್ಟುವ ಕೆಲಸದಲ್ಲಿದ್ದಾಗ ಗೋಡೆ ಕುಸಿದು ತೀರಿಕೊಂಡರು. ಅವರ ಜೊತೆಗಾರರಾದ ಸಂತ ನಾಮದೇವರು ಬಂದು, ಮಣ್ಣಿನಡಿ ಇದ್ದ ಎಲುಬುಗಳಲ್ಲಿ ವಿಠ್ಠಲನ ನಾಮ ಕೇಳಿ ಬಂದವುಗಳನ್ನು ಆರಿಸಿಕೊಂಡು ಪಂಢರಾಪುರಕ್ಕೆ ಒಯ್ದರೆಂದು ಭಕ್ತರು ನಂಬುತ್ತಾರೆ. ಸಮಾಧಿ ಆದದ್ದು ಗುಡಿಯ ಒಳಗಲ್ಲ, ಮಹಾದ್ವಾರದ ಹೊರಗೆ. ಅವರ ಅಭಂಗಗಳನ್ನು ಎಲ್ಲರೂ ಹಾಡಿದರು. ಅವರ ಕುಲದವರಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕುಳಿತ ಮೇಲೆ ಆ ಬಾಗಿಲು ತೆರೆಯಿತು. 1338 ಎಲ್ಲಿ, 1947 ಎಲ್ಲಿ! 600 ವರ್ಷಗಳಿಗೂ ಮೀರಿ ಸಂತನ ಹಾಡು ಒಳಗೆ, ಸಂತನ ಜನ ಹೊರಗೆ.

ಇದನ್ನು ಕೇಳಿ, ಅದು ಪಂಢರಾಪುರದ ಕಥೆ, ನಮ್ಮದಲ್ಲ ಎಂದು ನೀವು ನೆಮ್ಮದಿಯಿಂದ ಕುಳಿತುಕೊಳ್ಳಬೇಡಿ. ನಾವು ಬಾಲಕರಾಗಿ ಈ ಮಠಕ್ಕೆ ಮರಿಯಾಗಿ ಬಂದಾಗ ಇದೇ ದಾಸೋಹದಲ್ಲಿ ಎರಡು ಪಂಕ್ತಿಗಳಿದ್ದವು. ಒಳಗಿನ ಪಡಸಾಲೆಯಲ್ಲಿ ಒಂದು, ಹೊರಗೆ ಬೇವಿನ ಮರದ ಕೆಳಗೆ ಇನ್ನೊಂದು. ನಾವೇ ಬಡಿಸುತ್ತಿದ್ದೆವು. ಒಳಗೆ ಬಗ್ಗಿ ಬಡಿಸುತ್ತಿದ್ದೆವು, ಹೊರಗೆ ನಿಂತೇ ಬಡಿಸುತ್ತಿದ್ದೆವು. ಗೋಡೆಯ ಮೇಲೆ ಬಸವಣ್ಣನವರ ಚಿತ್ರಪಟ ಇತ್ತು. ನಮಗೆ ಏನೂ ತಪ್ಪು ಕಾಣುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಲಿಂಗೈಕ್ಯ ಗುರುಗಳು ತಮ್ಮ ತಟ್ಟೆಯನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತರು. “ಇಲ್ಲಿ ನೆರಳು ತಂಪಾಗಿದೆ” ಎಂದಷ್ಟೇ ಅಂದರು. ಒಳಗಿದ್ದವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಂದು ನಾವು ಗುರುಗಳಿಗೆ ಬಡಿಸಲು ಬಗ್ಗಿದಾಗ ಅವರ ಪಕ್ಕದವರಿಗೂ ಬಗ್ಗಿಯೇ ಬಡಿಸಬೇಕಾಯಿತು. ಮಾರನೆಯ ದಿನದಿಂದ ಪಂಕ್ತಿ ಒಂದೇ ಆಯಿತು. ನಮ್ಮ ಬೆನ್ನು ಬಗ್ಗಿದ್ದು ಅಂದು.

ಇಂದು ಸರಕಾರವು ಅನೇಕ ಶರಣರ, ಸಂತರ ಜಯಂತಿಗಳನ್ನು ಆಚರಿಸುತ್ತಿದೆ. ಸಂತೋಷದ ಸಂಗತಿ. ಆದರೆ ಸಭೆಯಲ್ಲಿ ಕುಳಿತವರನ್ನು ನೋಡಿ. ಮಾಚಯ್ಯನವರ ಜಯಂತಿಗೆ ಮಡಿವಾಳರು, ಚೌಡಯ್ಯನವರ ಜಯಂತಿಗೆ ಅಂಬಿಗರು, ಕನಕದಾಸರ ಜಯಂತಿಗೆ ಕುರುಬರು, ಬಸವ ಜಯಂತಿಗೆ ನಾವು. ಅನುಭವ ಮಂಟಪದಲ್ಲಿ ಒಂದೇ ಕಡೆ ಕೂತವರನ್ನು ನಾವು ಮತ್ತೆ ಅವರವರ ಕೇರಿಗೆ ಬಿಟ್ಟು ಬಂದಿದ್ದೇವೆ. ಊರಿನ ಜಗಳವೂ ಇದೇ ರೋಗದ ಇನ್ನೊಂದು ಮೊಳಕೆ.

ಪಡಸಾಲೆಯಲ್ಲಿ ಕುಳಿತ ಹಿರಿಯರೇ, ಈಗ ನಿಮ್ಮ ಮಾತಿಗೆ ಬರುತ್ತೇವೆ. ಕಲ್ಯಾಣ ಏತಕ್ಕೆ ಉರಿಯಿತು? ಒಂದು ಮದುವೆಗೆ. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣ ಮಧುವರಸರ ಮಗಳು ಲಾವಣ್ಯ. ಇಬ್ಬರ ಮನೆಯವರೂ ಶರಣರು. ಹೆಣ್ಣು ಕೊಟ್ಟರು, ಹೆಣ್ಣು ತಂದರು. ಅದಕ್ಕಾಗಿ ಹರಳಯ್ಯನವರನ್ನೂ ಮಧುವರಸರನ್ನೂ ಎಳೆಹೂಟೆ ಶಿಕ್ಷೆಗೆ ಗುರಿಮಾಡಿದರು. ಶರಣರು ಒಂದು ಬೀಗತನಕ್ಕಾಗಿ ಪ್ರಾಣ ಕೊಟ್ಟರು. ನೀವು ಆ ಶರಣರ ಹೆಸರಿನಲ್ಲಿ ಬೀಗತನ ಮುರಿದಿದ್ದೀರಿ! ಆ ಶರಣರು ಇಂದು ಎದ್ದು ಬಂದರೆ ಯಾವ ಊರಿಗೆ ಹೋದಾರು? ನಮಗನಿಸುತ್ತದೆ, ಎರಡೂ ಊರಿನ ಅಗಸಿಯಲ್ಲಿ ನಿಂತು ಹಿಂದಿರುಗಿ ಹೋದಾರು.

ಹಾಗಾದರೆ ಶರಣರ ಮೂಲ ಹುಡುಕಬಾರದೇ? ನದೀಮೂಲ ಋಷಿಮೂಲ ಹುಡುಕಬಾರದೆಂದು ಗಾದೆ ಹೇಳುತ್ತದೆ. ನಾವು ಹಾಗೆ ಹೇಳುವುದಿಲ್ಲ. ಹುಡುಕಬೇಕು. ಶಾಸನ ಓದಬಲ್ಲವರು ಶಾಸನ ಓದಲಿ, ಓಲೆಗರಿ ಓದಬಲ್ಲವರು ಓಲೆಗರಿ ಓದಲಿ. ಪುರಂದರದಾಸರು ಪುಣೆಯ ಹತ್ತಿರದ ಪುರಂದರಗಡದವರೋ ಮಲೆನಾಡಿನ ಆರಗದವರೋ ಎಂದು ವಿದ್ವಾಂಸರು ವಾದಿಸುತ್ತಾರೆ, ವಾದಿಸಲಿ. ಆ ವಾದ ಮುಗಿಯುವವರೆಗೆ ಸಂಗೀತ ಕಲಿಯುವ ಮಕ್ಕಳು ದಾಸರು ಹಾಕಿಕೊಟ್ಟ ಪಾಠವನ್ನು ನಿಲ್ಲಿಸಿದ್ದಾರೆಯೇ? ನಿಜ ತಿಳಿಯುವುದು ಜ್ಞಾನ. ತಿಳಿದ ನಿಜವನ್ನು ಬೇಲಿ ಮಾಡಿಕೊಳ್ಳುವುದು ಅಜ್ಞಾನ.

ಹುಡುಕಿದವರೊಬ್ಬರ ಕಥೆ ಹೇಳುತ್ತೇವೆ. ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ವಿಜಯಪುರದಲ್ಲಿ ವಕೀಲರಾದರು. ಆಗ ವಚನಗಳು ಎಲ್ಲಿದ್ದವು? ಊರೂರಿನ ಮನೆಗಳ ಜಗಲಿಯ ಮೇಲೆ, ಮಠಗಳ ಮಾಡದೊಳಗೆ, ಓಲೆಗರಿಯ ಕಟ್ಟುಗಳಲ್ಲಿ. ಕಟ್ಟಿಗೆ ವಿಭೂತಿ ಹಚ್ಚಿ ಪತ್ರಿ ಏರಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಹಳಕಟ್ಟಿಯವರು ಊರೂರಿನಿಂದ ಕಟ್ಟುಗಳನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮುಂದೆ 1993ರಲ್ಲಿ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಒಂದು ಊರಿನ ಜಗಲಿಯ ಮೇಲೆ ಎಲ್ಲ ವಚನಗಳೂ ಇರಲಿಲ್ಲ. ಒಂದು ಕಟ್ಟು ಇಲ್ಲಿ, ಒಂದು ಕಟ್ಟು ಅಲ್ಲಿ. ಪ್ರತಿಯೊಂದು ಮನೆಯವರೂ ಇದು ನಮ್ಮದು, ಕೊಡುವುದಿಲ್ಲ ಎಂದಿದ್ದರೆ ಇಂದು ನಮ್ಮ ಬಾಯಲ್ಲಿ ಯಾವ ಶರಣರೂ ಇರುತ್ತಿರಲಿಲ್ಲ. ಕೊಟ್ಟದ್ದರಿಂದ ಶರಣರು ಉಳಿದರು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿ ಸುರಿದು ಬಾ ಎಂದು ಕಳಿಸಿದಳು. ಊರಿನ ಅಭಿಮಾನ ಅಕ್ಕಿಯಂತೆ. ಹೊಟ್ಟೆಗೆ ಬೇಕಾದಷ್ಟು ಇರಲೇಬೇಕು. ಅದಿಲ್ಲದವನು ಕಾಯಕವನ್ನೂ ಪ್ರೀತಿಯಿಂದ ಮಾಡಲಾರ. ಹೆಚ್ಚಾದದ್ದನ್ನು ಮಾತ್ರ ಲಕ್ಕಮ್ಮನ ಮಾತಿನಂತೆ ಸುರಿದು ಬನ್ನಿ.

ನಮ್ಮ ತೀರ್ಪು ಏನೆಂದು ಕೇಳಿದಿರಿ. ಶರಣರು ಎಲ್ಲಿ ಹುಟ್ಟಿದರೆಂದು ನಾವು ತೀರ್ಪು ಕೊಡುವುದಿಲ್ಲ. ಅದು ಪಡಸಾಲೆಯ ಪಂಚಾಯಿತಿಯಲ್ಲಿ ಮುಗಿಯುವ ಮಾತಲ್ಲ. ಕಳಸ ಒಂದು ಊರಿನಿಂದ, ಹಗ್ಗ ಒಂದು ಊರಿನಿಂದ ಎಂದು ನಿಮ್ಮ ಹಿರಿಯರು ಏಕೆ ಗೊತ್ತುಮಾಡಿದರು? ಒಂದೇ ಊರಿನವರು ತೇರು ಎಳೆಯಬಾರದೆಂದು. ತೀರ್ಪನ್ನು ಅವರೇ ಕೊಟ್ಟು ಹೋಗಿದ್ದಾರೆ. ಕಳಸವಿಲ್ಲದಿದ್ದರೆ ತೇರಿಗೆ ಶೋಭೆಯಿಲ್ಲ, ಹಗ್ಗವಿಲ್ಲದಿದ್ದರೆ ತೇರಿಗೆ ನಡೆಯಿಲ್ಲ.

ಬರುವ ಸೋಮವಾರ ಬೆಳಗಿನ ಲಿಂಗಪೂಜೆ ಮುಗಿಸಿ ನಾವು ಹಗ್ಗದ ಊರಿಗೆ ಹೋಗುತ್ತೇವೆ. ಪಲ್ಲಕ್ಕಿ ಬೇಡ, ಕಾರು ಬೇಡ. ಹಗ್ಗದ ಒಂದು ತುದಿಯನ್ನು ನಮ್ಮ ಹೆಗಲ ಮೇಲೆ ಇಟ್ಟುಕೊಂಡು ನಾಲ್ಕು ಮೈಲು ನಡೆದು ತೇರಿನ ಊರಿಗೆ ಬರುತ್ತೇವೆ. ನಮಗೆ ವಯಸ್ಸಾಗಿದೆ, ಇಡೀ ಹಗ್ಗ ಹೊರುವ ಶಕ್ತಿ ನಮಗಿಲ್ಲ. ಉಳಿದ ಭಾರವನ್ನು ಹೊರುವವರು ಯಾರೆಂದು ನಾವು ಹೇಳುವುದಿಲ್ಲ. ಅಗಸಿಯಲ್ಲಿ ಕಾಯುತ್ತೇವೆ. ಬೆಳಿಗ್ಗೆ ಮಾತನಾಡಿದ ಆ ಮುದುಕಿ ತಾನು ಬರುತ್ತೇನೆಂದು ಈಗಾಗಲೇ ಹೇಳಿದ್ದಾಳೆ. ಅವಳಿಗೆ ಅದು ತವರಿನಿಂದ ಗಂಡನ ಮನೆಗೆ ಬರುವ ದಾರಿ, ಹೊಸದೇನೂ ಅಲ್ಲ.

ನಾಳೆ ಮಾಹೇಶ್ವರಸ್ಥಲವನ್ನು ಹೇಳುತ್ತೇವೆ. ಮಾಹೇಶ್ವರನ ಲಕ್ಷಣ ನಿಷ್ಠೆ. ಆ ನಿಷ್ಠೆ ಊರಿನ ಮೇಲೆ ನಿಲ್ಲದೆ ಲಿಂಗದ ಮೇಲೆ ನಿಲ್ಲಲಿ, ಶರಣರ ಹೆಸರು ಹೇಳುವ ನಮ್ಮ ನಾಲಿಗೆಗೆ ಶರಣರ ನಡೆಯೂ ಒದಗಲಿ ಎಂದು ಗುರು ಬಸವಣ್ಣನವರನ್ನು ಪ್ರಾರ್ಥಿಸಿ ಇಂದಿನ ಈ ಮಾತುಗಳಿಗೆ ಮಂಗಳ ಹೇಳುತ್ತೇವೆ.